ಅಚ್ಚಾಗದ ಸೀಸ

ಸಂತೇಪೇಟೆ ಒಳಗಲ್ಲಿಯ ನಮ್ಮ ಪ್ರೆಸ್ಸಿನಲ್ಲಿ
ಸಾವಿಗೆಂದೇ ಒಂದು ಡ್ರಾಯರ್ ಇತ್ತು.
ದಿನಾ ಜೋಡಿಸಿ ದಿನಾ ಬಿಚ್ಚುವುದೇಕೆಂದು
ಗುರುಮಲ್ಲಪ್ಪನವರು ದಾರ ಸುತ್ತಿ ಇಟ್ಟಿದ್ದರು:
ಲಿಂಗೈಕ್ಯರಾದರು. ವೈಕುಂಠವಾಸಿಗಳಾದರು.
ಶಿವನ ಪಾದ ಸೇರಿದರು. ಪ್ರಭುವಿನಲ್ಲಿ ನಿದ್ರಿಸಿದರು.
ಅಲ್ಲಾಹನ ಕರೆಗೆ ಓಗೊಟ್ಟರು.
ಜಾತಿ ಕೇಳುವ ಮುಜುಗರವಿರಲಿಲ್ಲ ನಮಗೆ,
ಹೆಸರು ಹೇಳಿದರೆ ಸಾಕು, ಕೈ ತಾನೇ ಹೋಗುತ್ತಿತ್ತು.

ಬಂದ ಹೊಸತರಲ್ಲಿ ಒಮ್ಮೆ ನಾನು
ಅಯ್ಯಂಗಾರರ ಅಜ್ಜಿಯೊಬ್ಬರನ್ನು
ಪ್ರಭುವಿನಲ್ಲಿ ನಿದ್ರೆ ಮಾಡಿಸಿಬಿಟ್ಟಿದ್ದೆ.
ಇನ್ನೂರು ಕಾರ್ಡು ದಂಡ.
"ಇರಲಿ ಜಸಿಂತ, ಆಯಮ್ಮ ಎದ್ದು ಬಂದು ತಿದ್ದಲ್ಲ" ಅಂದರು.
ಸಂಬಳದಲ್ಲಿ ಮಾತ್ರ ಹಿಡಿದುಕೊಂಡರು.

ಈಗ ಸೀಸ ಹೋಗಿ ಕಂಪ್ಯೂಟರ್ ಬಂದು
ಅವರೂ ದೊಡ್ಡಾಸ್ಪತ್ರೆಯ ಕಿಟಕಿ ಪಕ್ಕದ ಮಂಚಕ್ಕೆ ಬಂದು
ಒಂದು ಮಧ್ಯಾಹ್ನ, ಮಗಳು ಎಳನೀರಿಗೆ ಹೋದಾಗ, ಕೇಳಿದರು:
"ನನಗೆ ಯಾವುದು ಹಾಕ್ತೀಯ?"

ಹುಷಾರಾಗ್ತೀರಿ ಅಂದಿದ್ದರು ಎಲ್ಲರೂ,
ನರ್ಸು, ನೆಂಟರು, ವಿಭೂತಿ ಹಚ್ಚಲು ಬಂದ ಅಯ್ನೋರು.
ಪ್ರೂಫ್ ನೋಡಿ ಸವೆದ ಕಣ್ಣು ನನ್ನದು.
ತಪ್ಪನ್ನು ಸರಿ ಅನ್ನಲು ಬರಲಿಲ್ಲ.
"ಲಿಂಗೈಕ್ಯ ಅಲ್ವಾ ಸಾರ್?"
ನಾನು ಹೇಳಿದ ನಿಜ ಇಷ್ಟೇ. ಅಷ್ಟಕ್ಕೇ ಅವರ ಮುಖ
ಬಿಗಿದ ಫಾರಂ ಬಿಚ್ಚಿದಂತೆ ಸಡಿಲವಾಯಿತು.

"ಐಕ್ಯ ದೊಡ್ಡ ಮಾತು ಕಣಮ್ಮ.
ಬದುಕಿದ್ದಾಗ ಆಗಬೇಕಾದ್ದು, ಸತ್ತ ಮೇಲೆ ಅಂಟಿಸೋದಲ್ಲ.
ಈ ಅಂಗೈ ಲಿಂಗ ಹಿಡಿದದ್ದಕ್ಕಿಂತ ಸೀಸ ಹಿಡಿದದ್ದೇ ಹೆಚ್ಚು."
ತೀರಿಕೊಂಡರು ಅಂತ?
"ಏನು ತೀರಿತು? ಟೀ ಅಂಗಡಿ ಸಿಂಗ್ರಿಗೌಡನಿಗೇ
ಮುನ್ನೂರ ನಲವತ್ತು ಕೊಡಬೇಕು."
ನಿಧನರಾದರು?
"ಪೇಪರಿನವರ ಪದ. ಉಪ್ಪಿಲ್ಲ."
ಸತ್ತರು?
ಕಣ್ಣು ಮುಚ್ಚಿ ಬಹಳ ಹೊತ್ತು ಸುಮ್ಮನಿದ್ದರು.
"ಪದ ಸರಿಯಾಗಿದೆ. 'ರು' ಹಚ್ಚಿದರೆ ಅದಕ್ಕೇ ನಾಚಿಕೆ.
ಸತ್ತ ಅಂತ ಹಾಕೋಕೆ ಗಿರಿಜಾಂಬ ಬಿಡಲ್ಲ."

ಆಮೇಲೆ, ಕೆಮ್ಮಿನ ನಡುವೆ ನಗು:
"ನಮ್ಮಲ್ಲಿ ಕೂರಿಸಿ ಹೂಳ್ತಾರೆ, ಗೊತ್ತಲ್ಲ?
ನಲವತ್ತೊಂದು ವರ್ಷ ಸ್ಟೂಲಿನ ಮೇಲೆ ಕೂತೆ.
ಅಲ್ಲಾದರೂ ಒಂಚೂರು ಕಾಲು ಚಾಚೋಣ ಅಂದ್ರೆ..."

ಗುರುವಾರ ರಾತ್ರಿ ಉಸಿರು ತೊದಲಿತು.
ಗಂಟಲಿಗೆ ನಳಿಗೆ ಹಾಕೋಣವೇ ಎಂದು
ಮೀಸೆ ಇನ್ನೂ ಬಲಿಯದ ಡಾಕ್ಟರು ಮಗಳನ್ನು ಕೇಳಿದ.
ಮಗಳು ನನ್ನನ್ನು ನೋಡಿದಳು. ನಾನು ಗೋಡೆಯನ್ನು.
ಹಾಕಿದರೆ ಎಷ್ಟು ದಿನ? ಹೇಳೋಕಾಗಲ್ಲ.
ಬೇಡ ಅಂದರೆ ನಾವೇ ಕೊಂದ ಹಾಗಾ?
ಅವನೂ ಗೋಡೆಯನ್ನು ನೋಡಿದ.

ಆಗ ಮಂಚದಿಂದ ಕೈಯೊಂದು ಬಂತು.
ನನ್ನ ಅಂಗೈ ತಡಕಿ, ತೋರುಬೆರಳಲ್ಲಿ
ಅಡ್ಡಕ್ಕೊಂದು ಗೆರೆ ಎಳೆದು, ತುದಿಗೆ ಸುರುಳಿ ಸುತ್ತಿತು.
ತೆಗೆದುಹಾಕು ಎಂಬ ಗುರುತು. ಅವರೇ ಕಲಿಸಿದ್ದು.
ಹೊಡೆದ ಪದ ಉಳಿಯಲಿ ಎಂದಿದ್ದರೆ
ಅದರಡಿಗೆ ಚುಕ್ಕಿ ಇಡಬೇಕು, ಅದೂ ಅವರೇ ಕಲಿಸಿದ್ದು.
ಅಂಗೈ ಬಿಚ್ಚಿಕೊಂಡೇ ಕಾದೆ, ಚುಕ್ಕಿಗಾಗಿ.
ಬೆರಳು ಮತ್ತೆ ಬರಲಿಲ್ಲ.

ನಸುಕಿಗೆ ಪ್ರೆಸ್ಸಿನ ಬಾಗಿಲು ತೆಗೆದು
ಹೆಸರು ಕೂರಿಸಿದೆ. ಹುಟ್ಟಿದ ಇಸವಿ. ನಿನ್ನೆಯ ತಾರೀಕು.
ಕ್ರಿಯಾಪದದ ಹತ್ತಿರ ಬಂದು ನಿಂತೆ.
ಹಳೇ ಡ್ರಾಯರಿನ ಮೂಲೆಯಲ್ಲಿ ಒಂದು ಗಿಡ್ಡ ತುಂಡು ಸಿಕ್ಕಿತು,
ಪದ ಪದಗಳ ನಡುವೆ ಇಡುತ್ತಿದ್ದ ಖಾಲಿ ಸೀಸ.
ಮಸಿ ಅದನ್ನು ಮುಟ್ಟಿಲ್ಲ, ಕಾಗದ ಅದನ್ನು ಕಂಡಿಲ್ಲ.
ತೆಗೆದರೆ ಮಾತ್ರ ಇಡೀ ಸಾಲು ಅಲುಗುತ್ತಿತ್ತು.
ಅದನ್ನು ಕೈಲಿ ಹಿಡಿದು, ಪರದೆಯ ಮೇಲೆ
ಅದರಷ್ಟೇ ಜಾಗ ಬಿಟ್ಟೆ.

"ಇಲ್ಲೇನೋ ಬಿಟ್ಟಿದೆ" ಅಂದಳು ಗಿರಿಜಾಂಬ.
ಬಿಟ್ಟಿದೆ, ಅಂದೆ.
ಪೆನ್ನು ಕೇಳಿ ಲಿಂಗೈಕ್ಯರಾದರು ಎಂದು ತಾನೇ ಬರೆದಳು,
ಅತ್ತ ಕೈಯ ಸೊಟ್ಟ ಅಕ್ಷರ.
ಅವಳ ಅಪ್ಪ. ತಿದ್ದಲು ನಾನು ಯಾರು.
ಇನ್ನೂರು ಕಾರ್ಡು. ಒಂದೂ ದಂಡವಾಗಲಿಲ್ಲ.

ಸಂಜೆ ಸಿಂಗ್ರಿಗೌಡನ ಅಂಗಡಿಗೆ ಹೋಗಿ ದುಡ್ಡು ಚಾಚಿದೆ.
ಎಣಿಸಿ ಮುನ್ನೂರು ಗಲ್ಲಾಕ್ಕೆ ಹಾಕಿಕೊಂಡ.
ನಲವತ್ತು ನನ್ನ ಕೈಗೇ ವಾಪಸ್ಸಿಟ್ಟು,
"ಅದೊಂದು ಬಾಕಿಯಿರಲಿ" ಅಂದ.